ರತ್ನಳಿಗೆ ಕೊಟ್ಟ ಐದಕ್ಕೆ ಐದು

ಇಂದು ಬೆಳಿಗ್ಗೆ ಎಂದಿನಂತೆ ಐದೂವರೆಗೆ ಎಚ್ಚರವಾಯಿತು. ಬಾಗಿಲಿಗೆ ನೀರು ಹಾಕಿ, ಚಿಕ್ಕದೊಂದು ರಂಗೋಲಿ ಬಿಟ್ಟು, ಕಾಫಿ ಫಿಲ್ಟರಿಗೆ ಬಿಸಿನೀರು ಹುಯ್ದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಉಪ್ಪಿಟ್ಟಿಗೆ ರವೆ ಹುರಿದಾಗಿತ್ತು. ನಮ್ಮ ಯಜಮಾನರು ಪೇಪರು ಮಡಿಸಿಟ್ಟು ತಿಂಡಿಗೆ ಕೂತರು. ನಾನೂ ಕೂತೆ. ಎರಡು ತುತ್ತು ತಿಂದಿರಬೇಕು, ಅವರು ನಕ್ಕುಬಿಟ್ಟರು.

"ಗಡಿಯಾರ ಯಾಕೆ ನೋಡ್ತಾ ಇದ್ದೀಯ? ಉಪ್ಪಿಟ್ಟು ಮಾಡಿದವಳೂ ನೀನೆ, ಬಡಿಸಿದವಳೂ ನೀನೆ. ಯಾರ ಮೇಲೆ ವರದಿ ಬರೀತೀಯ?"

ನಿಜ. ಕೂತಾಗಿನಿಂದ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಹನ್ನೊಂದು ವರ್ಷದ ಅಭ್ಯಾಸ ಒಂದು ರಾತ್ರಿಯಲ್ಲಿ ಬಿಡುವುದಿಲ್ಲ.

ನಾನು ಮಾಡುತ್ತಿದ್ದ ಕೆಲಸ ಹೀಗೆ. ವಿಮಾನ ನಿಲ್ದಾಣದಲ್ಲಿ ತಪಾಸಣೆ ಮುಗಿಸಿ ಒಳಗೆ ಹೋದರೆ ಒಂದು ಪಕ್ಕಕ್ಕೆ ಗಾಜಿನ ಬಾಗಿಲಿನ ದೊಡ್ಡ ಕೋಣೆ ಇರುತ್ತದೆ. ಲಾಂಜ್ ಎನ್ನುತ್ತಾರೆ. ಕಾರ್ಡು ತೋರಿಸಿದವರು ಅಲ್ಲಿ ಮೆತ್ತನೆಯ ಕುರ್ಚಿಯಲ್ಲಿ ಕೂತು, ಸಾಲಾಗಿ ಜೋಡಿಸಿಟ್ಟ ಊಟ ಮಾಡಿ, ವಿಮಾನದ ಹೊತ್ತಾಗುವವರೆಗೆ ಕಾಯಬಹುದು. ನಾನೂ ಒಬ್ಬ ಸಾಮಾನ್ಯ ಪ್ರಯಾಣಿಕಳಂತೆ ಹೋಗಿ, ಎರಡು ಗಂಟೆ ಕೂತು, ಊಟ ಹೇಗಿದೆ, ಕುರ್ಚಿ ಹೇಗಿದೆ, ಶೌಚಾಲಯ ಹೇಗಿದೆ, ಕೇಳಿದ ಟೀ ಎಷ್ಟು ನಿಮಿಷಕ್ಕೆ ಬಂತು ಎಂದು ನೋಡಿ, ಎಲ್ಲಕ್ಕೂ ಐದರಲ್ಲಿ ಇಷ್ಟು ಎಂದು ಅಂಕ ಹಾಕಿ ಕಂಪನಿಗೆ ಕಳಿಸಬೇಕು. ನಾನು ಯಾರು ಎಂಬುದು ಅಲ್ಲಿ ಯಾರಿಗೂ ತಿಳಿಯಕೂಡದು. ಊರಿನಲ್ಲೂ ಹೇಳಕೂಡದು. ಹುಣಸೂರಿನ ನಮ್ಮ ಬೀದಿಯಲ್ಲಿ ನಾನು ತಿಂಗಳಿಗೆರಡು ಸಲ ಬೆಂಗಳೂರಿನ ತಂಗಿಯ ಮನೆಗೆ ಹೋಗಿಬರುವ ಗೃಹಿಣಿ, ಅಷ್ಟೆ.

ನಿನ್ನೆ ಬಿಡುಗಡೆಯ ಪತ್ರ ಬಂತು. ಮೇಲ್ವಿಚಾರಕಿ ವನಜಾ ಮೇಡಂ ಫೋನು ಮಾಡಿ, "ಪ್ರಮೀಳಾ, ಹೊಸ ಮಕ್ಕಳು ಬರ್ತಾ ಇದ್ದಾರೆ. ಅವರಿಗೋಸ್ಕರ ನಾಲ್ಕು ಪುಟ ಬರೆದುಕೊಡಿ. ನಿಯಮ ನಾವು ಹೇಳ್ತೀವಿ, ನೀವು ನಡೆದದ್ದು ಬರೀರಿ," ಎಂದರು. ಇನ್ನು ಮೇಲೆ ಕೆಲಸದ ವಿಷಯ ಮಾತಾಡಬಹುದು, ಕಂಪನಿ, ನಿಲ್ದಾಣಗಳ ಹೆಸರು ಮಾತ್ರ ಬೇಡ ಎಂದೂ ಹೇಳಿದರು. ಬರೆಯುವ ಮೊದಲು ನನಗೆ ಇನ್ನೊಂದು ಕೆಲಸವಿತ್ತು. ನಾಲ್ಕು ವರ್ಷದ ಹಿಂದೆ ನಾನು ಬರೆದ ಒಂದು ಸಾಲಿನಿಂದ ಒಬ್ಬ ಹೆಣ್ಣುಮಗಳ ಕೆಲಸ ಹೋಯಿತೇನೋ ಎಂಬ ಸಂಶಯ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ನಾವು ಅಂಕ ಹಾಕಿದ ಜಾಗದ ಸಿಬ್ಬಂದಿಯನ್ನು ಹೊರಗೆ ಭೇಟಿಯಾಗಬಾರದು ಎಂಬ ಷರತ್ತಿಗೆ ಸಹಿ ಹಾಕಿದ್ದೆ. ಆ ಷರತ್ತು ನಿನ್ನೆಗೆ ಮುಗಿಯಿತು. ಹಾಗಾಗಿ ಇಂದು ತಿಂಡಿ ಮುಗಿಸಿ, ಮಧ್ಯಾಹ್ನಕ್ಕೆ ಯಜಮಾನರಿಗೆ ಅನ್ನ ಸಾರು ಮುಚ್ಚಿಟ್ಟು, ಎಚ್.ಡಿ. ಕೋಟೆಯ ಬಸ್ಸು ಹತ್ತಿದೆ. ಕೋಟೆಯಿಂದ ಮುಂದೆ ಅವಳ ಊರು ಬೀಚನಹಳ್ಳಿಗೆ ಹೋಗಬೇಕಿತ್ತು.

ಬಸ್ಸಿನ ಕಿಟಕಿಯ ಪಕ್ಕ ಕೂತು ನೆನಪಿಸಿಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ಈ ಕೆಲಸಕ್ಕೆ ತೆಗೆದುಕೊಂಡದ್ದು ನಾನು ಓದಿದ ಕಾನ್ವೆಂಟಿನ ಇಂಗ್ಲಿಷಿಗಾಗಿ. ಮೈಸೂರಿನ ಸಿಸ್ಟರುಗಳು ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯುವುದನ್ನು ಕಲಿಸಿದ್ದರು. ಮೇಜಿನ ಮೇಲೆ ಒಂದು ಹಣ್ಣು ಇಟ್ಟು, ಅದರ ಬಗ್ಗೆ ಒಂದು ಪುಟ ಬರೆಯಿರಿ, 'ಚೆನ್ನಾಗಿದೆ' ಎಂಬ ಮಾತು ಬರಕೂಡದು ಎನ್ನುತ್ತಿದ್ದರು. ಮದುವೆಯಾಗಿ ಹೊಗೆಸೊಪ್ಪು ಬೆಳೆಯುವ ಮನೆಗೆ ಬಂದ ಮೇಲೆ ಆ ವಿದ್ಯೆಗೆ ಕೆಲಸವಿರಲಿಲ್ಲ. ನಮ್ಮ ಹೊಲ ರಾವಂದೂರಿನ ಹತ್ತಿರ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿ ಇಳಿಸಿದ ಎಲೆಯನ್ನು ಯಜಮಾನರು ಎರಡು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಇದು ಮೊದಲನೆಯದು, ಇದು ಎರಡನೆಯದು ಎಂದು ಬೇರೆ ಮಾಡುವುದನ್ನು ನೋಡುತ್ತಿದ್ದೆ. ನನಗೆ ಕೆಲಸ ಸಿಕ್ಕಿದಾಗ ಅವರು ಹೇಳಿದ್ದಿಷ್ಟೆ: "ನಾನು ಎಲೆ ಮುಟ್ಟಿ ದರ್ಜೆ ಹೇಳ್ತೀನಿ, ನೀನು ಇಡ್ಲಿ ಮುಟ್ಟಿ ಹೇಳು. ಏನೂ ವ್ಯತ್ಯಾಸ ಇಲ್ಲ. ಬೇಗ ಹೇಳಬಾರದು, ಅಷ್ಟೆ."

ಮೊದಲನೆಯ ದಿನವೇ ಎಡವಿದೆ. ತಿಂದ ಮೇಲೆ ತಟ್ಟೆ ಎತ್ತಿಕೊಂಡು ಎದ್ದೆ. ಎಲ್ಲಿ ಇಡಬೇಕು ತಿಳಿಯದೆ ಕೈತೊಳೆಯುವ ಜಾಗಕ್ಕೆ ಹೋಗಿ, ಚಮಚ ತೊಳೆದು, ಬಂದು ಮೇಜನ್ನು ಒದ್ದೆ ಕಾಗದದಲ್ಲಿ ಒರೆಸಿದೆ. ಮೂವರು ಕೆಲಸದವರು ಓಡಿ ಬಂದರು. ಇಡೀ ಕೋಣೆ ನೋಡಿತು. ಸಂಜೆ ವನಜಾ ಮೇಡಂ ಬೈಯಲಿಲ್ಲ, ನಿಧಾನವಾಗಿ ಹೇಳಿದರು: "ತಟ್ಟೆ ಎತ್ತುವ ಅತಿಥಿಯನ್ನು ಅವರು ಮರೆಯಲ್ಲ ಪ್ರಮೀಳಾ. ನೆನಪಿರುವ ಮುಖದಿಂದ ನನಗೆ ಉಪಯೋಗವಿಲ್ಲ." ಅಂದಿನಿಂದ ಉಂಡ ತಟ್ಟೆಯನ್ನು ಎದುರಿಗೇ ಬಿಟ್ಟು ಏಳುವುದನ್ನು ಕಲಿತೆ. ಇಷ್ಟು ವರ್ಷವಾದರೂ ಏಳುವಾಗ ಕೈ ಒಮ್ಮೆ ತಟ್ಟೆಯ ಕಡೆ ಹೋಗಿ ವಾಪಸು ಬರುತ್ತಿತ್ತು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಇಟ್ಟಿದ್ದನ್ನೆಲ್ಲ ರುಚಿ ನೋಡಬೇಕಲ್ಲ. ನೋಡಿದೆ, ಎಲ್ಲವನ್ನೂ ಮುಗಿಸಿದೆ. ತಟ್ಟೆಯಲ್ಲಿ ಅನ್ನ ಬಿಟ್ಟು ಏಳುವುದು ನಮ್ಮತ್ತೆಯ ಮನೆಯಲ್ಲಿ ಉಂಟೇ? ಹದಿನಾಲ್ಕು ಬಗೆ ತಿಂದು ವಿಮಾನ ಹತ್ತಿದವಳ ಅವಸ್ಥೆ ಬೇಡ. ಮತ್ತೆ ಫೋನು. "ರುಚಿ ನೋಡಿ. ಊಟ ಮಾಡಬೇಡಿ." ಆಮೇಲೆ ಎಲ್ಲದರಲ್ಲೂ ಎರಡೆರಡು ಚಮಚ, ಅಷ್ಟೆ. ಕೇಳಿದವರಿಗೆ ನಗು ಬರಬಹುದು, ನಲವತ್ತು ಪಾತ್ರೆಗಳ ನಡುವೆ ಓಡಾಡಿ ಹೊಟ್ಟೆ ತುಂಬದೆ ಮನೆಗೆ ಬಂದು, ಮೊಸರನ್ನ ಕಲಸಿ ತಿಂದ ದಿನಗಳೇ ಹೆಚ್ಚು.

ಕೆಲಸ ಕಲಿಸಿದ್ದು ನಿಯಮದ ಪುಸ್ತಕಕ್ಕಿಂತ ಅಡುಗೆಮನೆ. ಒಗ್ಗರಣೆಯ ಕರಿಬೇವು ನೋಡಿ: ಹಸಿರಾಗಿ ಮಿರುಗುತ್ತಿದ್ದರೆ ಈಗ ಹಾಕಿದ್ದು, ಕಪ್ಪಗೆ ತಳಕ್ಕಿಳಿದಿದ್ದರೆ ಹೊತ್ತಾಗಿದೆ. ಸಾಂಬಾರಿನ ಅಂಚಿನಲ್ಲಿ ಪಾತ್ರೆಗೆ ಒಣಗಿದ ಗೆರೆ ಎಷ್ಟು ಮೂಡಿದೆಯೋ ಅಷ್ಟು ಸಲ ಕಾಯಿಸಿದ್ದಾರೆ. ಚಟ್ನಿಯ ಅಂಚಿನಲ್ಲಿ ನೀರು ಬಿಟ್ಟಿತೇ ನೋಡಿ. ಶೌಚಾಲಯದ ಬಾಗಿಲ ಹಿಂದೆ ಗಂಟೆಗೊಮ್ಮೆ ಸಹಿ ಹಾಕುವ ಹಾಳೆ ತೂಗುಹಾಕಿರುತ್ತಾರೆ. ಒಂದು ಕಡೆ ಮಧ್ಯಾಹ್ನ ಎರಡಕ್ಕೇ ಸಂಜೆ ಆರರವರೆಗಿನ ಸಹಿ ಬಿದ್ದಿತ್ತು, ಎಲ್ಲ ಒಂದೇ ಪೆನ್ನು, ಒಂದೇ ಓಟ. ಆದರೆ ನೆಲ ಒಣಗಿ ಹೊಳೆಯುತ್ತಿತ್ತು, ಬಕೆಟಿನ ಫಿನಾಯಿಲು ಇನ್ನೂ ಬೆಳ್ಳಗಿತ್ತು. ಹಾಳೆಗೆ ಒಂದು ಅಂಕ, ನೆಲಕ್ಕೆ ಐದು ಕೊಟ್ಟೆ. ಎರಡನ್ನೂ ಬೇರೆಬೇರೆಯಾಗಿ ನೋಡಿ.

ಕುರ್ಚಿಯ ವಿಷಯದಲ್ಲಿ ನನ್ನ ಗುರು ಕೆ.ಆರ್. ನಗರದ ಕಡೆಯ ಒಬ್ಬ ಹಿರಿಯರು. ಹೆಗಲ ಮೇಲೆ ಟವೆಲು, ಬಿಳಿ ಪಂಚೆ, ಕಾಶಿಗೆ ಹೊರಟಿದ್ದರು. ಹೊಸದಾಗಿ ಹಾಕಿದ್ದ ತಗ್ಗಾದ ಸೋಫಾದಲ್ಲಿ ಕೂತವರು ಏಳಲಾಗದೆ, ಅತ್ತ ಇತ್ತ ನೋಡಿ, ಕಡೆಗೆ ನನ್ನ ಕಡೆ ತಿರುಗಿದರು.

"ಇದೇನವ್ವ ಇದು, ಸೋಫಾನಾ, ಗುಂಡಿನಾ? ಬೀಳಾಕೆ ಸಲೀಸು, ಏಳಾಕೆ ನಾಕಾಳು ಬೇಕು ಕಣವ್ವ!"

ಬೇರೆ ಅತಿಥಿಗಳ ವಿಷಯಕ್ಕೆ ಹೋಗಬಾರದು ಎಂಬ ನಿಯಮ ಮರೆತು ಕೈಕೊಟ್ಟು ಎಬ್ಬಿಸಿದೆ. ಅವರ ಮಾತನ್ನು ಇದ್ದಂತೆಯೇ ಇಂಗ್ಲಿಷಿಗೆ ಇಳಿಸಿ ವರದಿಯಲ್ಲಿ ಬರೆದೆ. ಮುಂದಿನ ಸಲ ಹೋದಾಗ ಒಂದು ಸಾಲು ಎತ್ತರದ, ಕೈಯಿರುವ ಕುರ್ಚಿಗಳು ಬಂದಿದ್ದವು. ಆ ದಿನದ ಸಂತೋಷ ಇಂದಿಗೂ ಇದೆ.

ಆಗೆಲ್ಲ ಹಾಗೆ ಬರೆಯಬಹುದಿತ್ತು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ನಾಲ್ಕೈದು ಪುಟ ಬರೆದು, ತಿದ್ದಿ, ಟೈಪು ಮಾಡಿ ಕಳಿಸುತ್ತಿದ್ದೆ. ಆಮೇಲೆ ಫೋನಿನ ಫಾರಂ ಬಂತು. ಒಂದರಿಂದ ಐದು ಒತ್ತಬೇಕು, ಫೋಟೊ ಹಾಕಬೇಕು, ಕೊನೆಯಲ್ಲಿ ಒಂದು ಚಿಕ್ಕ ಚೌಕದಲ್ಲಿ ಎರಡು ಸಾಲು. ಮೊದಲು ಬೇಜಾರಾಯಿತು. ವೇಗವಾಯಿತು, ನಿಜ, ಆದರೆ ಚೌಕದಲ್ಲಿ ಹಿಡಿಯದ್ದು ಹೊರಗೇ ಉಳಿಯಿತು. ನನ್ನ ದೊಡ್ಡ ತಪ್ಪು ನಡೆದದ್ದು ಈ ಚೌಕದಲ್ಲೇ.

ದಕ್ಷಿಣದ ಒಂದು ದೊಡ್ಡ ನಿಲ್ದಾಣ. ಮಧ್ಯಾಹ್ನದ ಊಟದ ಹೊತ್ತು. ಬಡಿಸುವ ಸಾಲಿನ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸು ಕಂಪನಿಯ ಸೀರೆ ಉಟ್ಟು ನಿಂತಿದ್ದಳು. ಎದೆಯ ಮೇಲಿನ ಪಟ್ಟಿ ಸ್ವಲ್ಪ ಓರೆಯಾಗಿತ್ತು, ಅದರಲ್ಲಿ 'ರತ್ನ' ಎಂದಿತ್ತು. "ವೆಲ್ಕಮ್ ಮ್ಯಾಮ್," ಎಂದು ಕಲಿತ ಮಾತು ಒಪ್ಪಿಸಿದಳು. ನಾನು ಸಾಂಬಾರಿನ ಮುಚ್ಚಳ ಎತ್ತುತ್ತಾ, ಬಾಯಿತಪ್ಪಿ, "ಅಯ್ಯೋ, ಬಿಸಿ," ಎಂದುಬಿಟ್ಟೆ. ಕನ್ನಡ ಕಿವಿಗೆ ಬಿದ್ದದ್ದೇ ತಡ ಅವಳು ಮುಂದೆ ಬಾಗಿದಳು.

"ಅದ ಬುಡಿ ಅವ್ವ. ಬೆಳಗ್ಗೆದು ಅದು, ಮೂರ್ ಸಲ ಕಾಯ್ಸವ್ರೆ. ರಸ ತಗೊಳಿ, ಈಗಿಳಿಸವ್ರೆ."

"ನಿಮ್ಮ ಊರು ಯಾವುದು?"

"ಬೀಚನಹಳ್ಳಿ. ಡ್ಯಾಮ್ ಇಲ್ವಾ, ಅದ್ರ ತಾವ. ನಿಮ್ದು?"

ಹುಣಸೂರು ಎಂದು ಹೇಳುವ ಹಾಗಿರಲಿಲ್ಲ. "ಮೈಸೂರು ಕಡೆ," ಎಂದೆ. ಅವಳು ನನ್ನ ತಟ್ಟೆಗೆ ರಸ ಹಾಕಿ, ಯಾರೂ ಕೇಳದಿದ್ದರೂ ಒಂದು ಹಪ್ಪಳ ಇಟ್ಟಳು. ಅಷ್ಟೂ ವರ್ಷಗಳಲ್ಲಿ ಲಾಂಜ್ ಒಂದರಲ್ಲಿ ನನಗೆ ಮನೆಯಲ್ಲಿ ಬಡಿಸಿಕೊಂಡಂತೆ ಅನ್ನಿಸಿದ್ದು ಅದೊಂದೇ ಸಲ.

ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು. ಊಟದ ಬಗ್ಗೆ ಸಿಬ್ಬಂದಿ ಏನು ಹೇಳಿದರು, ಇದ್ದಂತೆಯೇ ಬರೆಯಿರಿ, ಹೆಸರು ಸಹಿತ. ನಾನು ಅವಳಿಗೆ ಐದಕ್ಕೆ ಐದು ಒತ್ತಿ, ಚೌಕದಲ್ಲಿ ಬರೆದೆ: 'ಸಾಂಬಾರು ಬೆಳಗಿನದು, ಬೇಡ ಎಂದು ರತ್ನ ನನಗೆ ಹೇಳಿದಳು. ನನ್ನ ಮನೆಯವಳೇ ಬಡಿಸಿದಂತಾಯಿತು.'

ಹೊಗಳಿದೆ ಎಂದುಕೊಂಡೆ. ನಮ್ಮ ಕಡೆ ಮನೆಗೆ ಬಂದವರಿಗೆ, "ಇದು ತಂಗಳು, ತಡೀರಿ, ಬಿಸಿಯಾಗಿ ಮಾಡಿಕೊಡ್ತೀನಿ," ಎನ್ನುವುದು ಮರ್ಯಾದೆ. ಮುಚ್ಚಿಟ್ಟು ಬಡಿಸುವುದು ಅವಮಾನ. ಆ ವರದಿ ಓದುವವರು ನಮ್ಮ ಕಡೆಯವರಲ್ಲ, ಅವರ ಲೆಕ್ಕದಲ್ಲಿ ಇದು ಮನೆಯ ಗುಟ್ಟನ್ನು ಗಿರಾಕಿಗೆ ಬಿಟ್ಟುಕೊಟ್ಟದ್ದು ಎಂಬುದು ನನಗೆ ಹೊಳೆಯಲೇ ಇಲ್ಲ.

ಎರಡು ತಿಂಗಳ ಮೇಲೆ ಅದೇ ಜಾಗಕ್ಕೆ ಹೋದೆ. ಸಾಂಬಾರಿನ ಮೇಲೆ ಹಸಿರು ಕರಿಬೇವು ತೇಲುತ್ತಿತ್ತು. ರತ್ನ ಇರಲಿಲ್ಲ. ಬಡಿಸುವ ಸಾಲಿನಲ್ಲಿ ಬೇರೆ ಯಾರೋ ತುಟಿ ಬಿಗಿದು ನಿಂತಿದ್ದರು. ಕೇಳಿದರೆ ನನ್ನ ಗುಟ್ಟು ಹೊರಬೀಳುತ್ತದೆ. ಕೇಳಲಿಲ್ಲ. ಸಾಂಬಾರಿಗೆ ಐದು ಕೊಡಬೇಕಾಗಿತ್ತು, ಕೊಟ್ಟೆ. ಮನೆಗೆ ಬಂದು ವನಜಾ ಮೇಡಂಗೆ ಫೋನು ಮಾಡಿದೆ. ಅವರು, "ನೀವು ಬರೆದದ್ದು ಸರಿಯಾಗಿದೆ. ಲಾಂಜಿನವರು ಅದನ್ನು ಏನು ಮಾಡಿದರು ಅಂತ ನಾನು ಕೇಳುವ ಹಾಗಿಲ್ಲ," ಎಂದರು. ಮರುದಿನ ಅವರೇ ಮತ್ತೆ ಫೋನು ಮಾಡಿ, "ನಿದ್ದೆ ಬಂತಾ?" ಎಂದು ಕೇಳಿದರು. ಒಳ್ಳೆಯ ಮೇಲಧಿಕಾರಿ ಎಂದರೆ ನನಗೆ ಆ ಪ್ರಶ್ನೆ ನೆನಪಾಗುತ್ತದೆ. ನಿದ್ದೆ ಬಂದಿರಲಿಲ್ಲ.

ಆಮೇಲೆ ನಾನು ಯಾರನ್ನೂ ಹೆಸರು ಹಿಡಿದು ಹೊಗಳಲಿಲ್ಲ. ಹೆಸರಿನ ಜಾಗದಲ್ಲಿ 'ಪಟ್ಟಿ ಕಾಣಲಿಲ್ಲ' ಎಂದು ಬರೆದೆ. ಕಣ್ಣಿಗೆ ಕಂಡದ್ದನ್ನು ಕಾಣಲಿಲ್ಲ ಎಂದು ಬರೆದದ್ದು ಜೀವನದಲ್ಲಿ ಅದೇ ಮೊದಲು. ಸಿಸ್ಟರುಗಳು ಕ್ಷಮಿಸಲಿ.

ಬೀಚನಹಳ್ಳಿಯಲ್ಲಿ ಬಸ್ಸಿಳಿದಾಗ ಹನ್ನೆರಡೂವರೆ. ನೀರಾವರಿ ಇಲಾಖೆಯ ಖಾಕಿ ಅಂಗಿಯವರೊಬ್ಬರು ಟೀ ಅಂಗಡಿಯ ಮುಂದೆ ನಿಂತಿದ್ದರು. ಏರ್‌ಪೋರ್ಟಿನಲ್ಲಿ ಕೆಲಸ ಮಾಡುತ್ತಿದ್ದ ರತ್ನ ಎಂಬುವರು ಗೊತ್ತೇ ಎಂದು ಕೇಳಿದೆ.

"ಏರ್‌ಪೋರ್ಟ್ ರತ್ನಕ್ಕನಾ? ಅಗಾ, ನೀಲಿ ಬಾಗ್ಲು. ಬೇಗ ಓಗಿ, ಒಂದ್ ಗಂಟೆಗೆಲ್ಲ ಮುದ್ದೆ ಖಾಲಿ ಆಯ್ತದೆ."

ನೀಲಿ ಬಾಗಿಲಿನ ಒಳಗೆ ನಾಲ್ಕು ಬೆಂಚು. ರೆಸಾರ್ಟುಗಳ ಡ್ರೈವರುಗಳು, ಡ್ಯಾಮಿನ ಕೆಲಸದವರು ಊಟಕ್ಕೆ ಕೂತಿದ್ದರು. ಅವಳೇ. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಕೈತುಂಬ ಗಾಜಿನ ಬಳೆ. ಲಾಂಜಿನಲ್ಲಿ ಅವು ಇರಲಿಲ್ಲ.

"ಬನ್ನಿ ಅವ್ವ, ಕೂತ್ಕಳಿ. ಮುದ್ದೆ ಅದೆ, ಬಸ್ಸಾರದೆ."

"ಊಟ ಆಮೇಲೆ. ನಿಮ್ಮ ಹತ್ತಿರ ಒಂದು ಮಾತು ಹೇಳಬೇಕು," ಎಂದು ಬಾಗಿಲ ಬಳಿ ನಿಂತೇ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಮರೆತುಹೋಗಿ, ಸಾಂಬಾರು, ಹಪ್ಪಳ, ಚೌಕ ಎಂದು ಹಿಂದುಮುಂದಾಗಿ ಹೇಳಿದೆ. ಅವಳ ಕೈಯಲ್ಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಆ ಚೀಟಿ ಬರ್ದೋರು ನೀವಾ?"

"ನಾನೇ."

ಅವಳು ಸೌಟನ್ನು ಪಾತ್ರೆಗೆ ಹಾಕಿದಳು. ಆಮೇಲೆ, "ನಾನು ಒಬ್ಬ ಗಡ್ಡದೋನ್ ಮೇಲೆ ಅನ್ಮಾನ ಮಡ್ಗಿದ್ದೆ," ಎಂದಳು. "ಅವತ್ತು ಅವ್ನೂ ಸಾಂಬಾರ್ ಕೇಳ್ದ, ಅವ್ನಿಗೂ ಏಳಿದ್ದೆ. ಪಾಪ, ನಾಕ್ ವರ್ಷ ಬೈದಿವ್ನಿ ಅವನ್ನ."

"ಕೆಲಸದಿಂದ ತೆಗೆದರಾ?"

"ತೆಗೀನಿಲ್ಲ. ಒಳಕ್ಕೆ ಪಾತ್ರೆ ತೊಳಿಯಾಕೆ ಆಕ್ಬುಟ್ರು. ಮೂರ್ ತಿಂಗ್ಳು. ಮೊದಲ್ನೆ ವಾರವೆಲ್ಲ ಅತ್ತಿವ್ನಿ ಕಣವ್ವ, ಸುಳ್ಳ್ ಯಾಕೇಳ್ಲಿ. ಚೆಂದಾಗಿ ಸೀರೆ ಉಟ್ಕಂಡು ನಾಕ್ ಜನದ್ ಮುಂದೆ ನಿಂತಿದ್ದೋಳು."

"ನಾನು ಹೊಗಳಿ ಬರೆದಿದ್ದೆ, ರತ್ನ."

"ಅವ್ರು ಇಂಗ್ಲಿಷಲ್ಲಿ ಓದುದ್ರು, ನಂಗೇನ್ ಗೊತ್ತು? 'ಬೆಳಗ್ಗೆದು ಅಂದ್ಯಾ?' ಅಂದ್ರು. 'ಅಂದೆ, ಬೆಳಗ್ಗೆದೇ ಅಲ್ವಾ,' ಅಂದೆ. ಅಷ್ಟೇಯ."

ಬೆಂಚಿನಿಂದ ಒಬ್ಬ ಡ್ರೈವರು ಕೂಗಿದ: "ರತ್ನಕ್ಕ, ಸಾರು!" ಅವಳು ತಿರುಗದೆ, "ತಡೀಲಾ, ನಿನ್ ಗಾಡಿ ಏನ್ ಹಾರೋಗಕಿಲ್ಲ," ಎಂದಳು. ಆಮೇಲೆ ನನ್ನ ಕಡೆ ನೋಡಿ ತುಸು ನಕ್ಕಳು. ಅತ್ತೆ ಬಿದ್ದು ಕಾಲು ಮುರಿದುಕೊಂಡರೆಂದು ತಾನೇ ಕೆಲಸ ಬಿಟ್ಟು ಊರಿಗೆ ಬಂದದ್ದು, ಬಂದವಳು ಈ ಮೆಸ್ಸು ಹಾಕಿದ್ದು, ಎಲ್ಲ ಹೇಳಿದಳು.

"ಆ ಮೂರ್ ತಿಂಗ್ಳಲ್ಲಿ ಒಂದ್ ಕಲ್ತೆ ಬುಡಿ. ಬಾಯಲ್ಲಿ ಎಲ್ರೂ ಚೆಂದಾಗದೆ ಅಂತಾರೆ. ತಟ್ಟೆ ಸುಳ್ಳೇಳಕಿಲ್ಲ. ಏನ್ ವಾಪಸ್ ಬತ್ತದೆ ಅಂತ ದಿನಾ ನೋಡ್ತಿದ್ದೆ. ಈಗ್ಲೂ ತಟ್ಟೆ ನಾನೇ ತೊಳ್ಯೋದು. ವಾಪಸ್ ಬಂದಿದ್ದನ್ನ ನಾಳೀಕ್ ಮಾಡಕಿಲ್ಲ."

ಹನ್ನೊಂದು ವರ್ಷ ನಾನು ಗಡಿಯಾರ ಹಿಡಿದು, ಫೋಟೊ ತೆಗೆದು ಹುಡುಕಿದ್ದನ್ನು ಅವಳು ತೊಳೆಯುವ ಕಲ್ಲಿನ ಮುಂದೆ ಕೂತು ತಿಳಿದುಕೊಂಡಿದ್ದಳು. ಕ್ಷಮಿಸಿ ಎಂದೆ. ಅವಳು ಬೆಂಚಿನವನಿಗೆ ಸಾರು ಹುಯ್ದು ಬಂದಳು. ಮೂರು ತಿಂಗಳು ಮೂರು ತಿಂಗಳೇ, ಅದನ್ನು ನಾನು ಅಳಿಸಲಾರೆ. ಆದರೆ ನಾನು ಹೆದರಿದ್ದು ನಡೆದಿರಲಿಲ್ಲ. ನಾನು ಬರೆದ ಸಾಲಿನಿಂದ ಅವಳ ಒಲೆ ಆರಿರಲಿಲ್ಲ. ಎದೆಯ ಮೇಲಿಂದ ಅಕ್ಕಿಮೂಟೆ ಇಳಿದಂತಾಯಿತು.

"ಕೂತ್ಕಳಿ ಈಗ," ಎಂದು ತಟ್ಟೆ ಇಟ್ಟಳು. ಮುದ್ದೆ ಹಾಕಿದಳು, ಬಸ್ಸಾರು ಹುಯ್ದಳು. ಪಲ್ಯದ ಪಾತ್ರೆಗೆ ಸೌಟು ಹಾಕಿದವಳು ಹಾಗೇ ವಾಪಸು ತೆಗೆದಳು.

"ಇದ್ ಬ್ಯಾಡ ಬುಡಿ. ಬೆಳಗ್ಗೆದು."

ನಾನು ನಕ್ಕೆ. ಅವಳೂ ನಕ್ಕಳು. ನಗುತ್ತಾ ನಗುತ್ತಾ ನನಗೆ ಕಣ್ಣಲ್ಲಿ ನೀರು ಬಂತು. ಡ್ರೈವರುಗಳು ನಮ್ಮಿಬ್ಬರನ್ನೂ ನೋಡಿ, ಮತ್ತೆ ಊಟಕ್ಕೆ ತಿರುಗಿದರು.

ಮುದ್ದೆ ಮುಗಿಸಿ, ಮತ್ತರ್ಧ ಹಾಕಿಸಿಕೊಂಡೆ. ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಬೆರಳು ಚೀಪಿದೆ. ಎಷ್ಟು ನಿಮಿಷಕ್ಕೆ ಬಂತು ಎಂದು ನೋಡಲಿಲ್ಲ. ತಟ್ಟೆ ಎತ್ತಿಕೊಂಡು ಎದ್ದೆ.

"ಇಡಿ ಅಲ್ಲೇ, ನೀವ್ ಯಾಕ್ ತೊಳ್ದೀರಿ!"

"ಇವತ್ತು ನಾನು ಯಾರ ಕಡೆಯಿಂದಲೂ ಬಂದಿಲ್ಲ."

ಅವಳು ನನ್ನ ತಟ್ಟೆಯನ್ನೊಮ್ಮೆ ಬಗ್ಗಿ ನೋಡಿದಳು. ಒಂದಗುಳೂ ಇರಲಿಲ್ಲ. "ಅಂಗಾರೆ ಚೆಂದಾಗಿ ತಿಕ್ಕಿ. ಜಿಡ್ಡಿದ್ರೆ ನಾನೂ ಚೀಟಿ ಬರೀತೀನಿ," ಎಂದಳು.

ಹೊಸದಾಗಿ ಬರುತ್ತಿರುವ ಮಕ್ಕಳೇ, ಕರಿಬೇವು ನೋಡುವುದನ್ನು ಒಂದು ವಾರದಲ್ಲಿ ಕಲಿಯುತ್ತೀರಿ. ತೆಗಳಿ ಬರೆಯುವಾಗ ನೀವು ಹೇಗೂ ಹತ್ತು ಸಲ ಯೋಚಿಸುತ್ತೀರಿ. ಹೊಗಳಿ ಬರೆಯುವಾಗಲೂ, ಇದನ್ನು ಓದುವವರು ಯಾರು, ಅವರ ಕೈಯಲ್ಲಿ ಇದು ಏನಾಗಬಹುದು ಎಂದು ಒಂದು ಸಲ ಯೋಚಿಸಿ. ಇಷ್ಟನ್ನು ನನಗೆ ಯಾರೂ ಹೇಳಿರಲಿಲ್ಲ.

ಮನೆ ಸೇರಿದಾಗ ಸಂಜೆ ಐದೂವರೆ. ಪಕ್ಕದ ಮನೆಯ ಜಯಮ್ಮ ಕಾಂಪೌಂಡಿನ ಮೇಲೆ ಹಬ್ಬಿಸಿದ ತೊಂಡೆಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದರು. ಇಷ್ಟು ವರ್ಷ ನನ್ನ ಬರುವಿಕೆ ಹೋಗುವಿಕೆಯನ್ನು ಆ ಬಳ್ಳಿಯ ಹಿಂದಿನಿಂದಲೇ ನೋಡಿದವರು. ಗೇಟಿನ ಚಿಲಕದ ಸದ್ದಿಗೆ ತಲೆಯೆತ್ತಿ ನನ್ನ ಮುಖ ನೋಡಿದರು, ಮತ್ತೆ ಬಳ್ಳಿಯ ಕಡೆ ತಿರುಗಿ, ಕಾಯಿ ಬಿಡಿಸುತ್ತಲೇ ಅಂದರು:

"ಇವತ್ತು ತಂಗಿ ಮನೇಗ್ ಓಗಿಲ್ಲ ಬುಡಿ ನೀವು. ಅಲ್ಲಿಂದ ಬಂದಾಗೆಲ್ಲ ಅಸ್ಕಂಡ್ ಬಂದೋರಂಗೆ ಇರ್ತಿದ್ರಿ. ಇವತ್ತು ಎಲ್ಲೋ ಒಟ್ಟೆ ತುಂಬಾ ಉಂಡ್ಕಂಡ್ ಬಂದಿದ್ದೀರಿ ಕಣ್ರೀ."